ಸೌದೆಯ ಕಾಖೆಲ್‌ಓಫನ್ ಒಲೆಯನ್ನು ಮನೆಯ ಕೇಂದ್ರೀಯ ತಾಪನಕ್ಕೆ ಜೋಡಿಸುವ ಕ್ರಮ

ಜರ್ಮನಿ, ಆಸ್ಟ್ರಿಯಾಗಳ ಮನೆಗಳಲ್ಲಿ ಇಟ್ಟಿಗೆ ಮತ್ತು ಮೆರುಗು ಬಿಲ್ಲೆಗಳಿಂದ ಕಟ್ಟುವ ಕಾಖೆಲ್‌ಓಫನ್ ಒಂದೆರಡು ಗಂಟೆ ಉರಿದು, ಹೀರಿಕೊಂಡ ಶಾಖವನ್ನು ಹಲವು ಗಂಟೆಗಳ ಕಾಲ ನಿಧಾನವಾಗಿ ಬಿಟ್ಟುಕೊಡುತ್ತದೆ. ಆ ಶಾಖ ದೂರದ ಕೋಣೆಗಳ ರೇಡಿಯೇಟರುಗಳಿಗೂ (ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ಲೋಹದ ಫಲಕಗಳು) ತಲುಪಬೇಕಾದರೆ ಒಲೆಯೊಳಗೆ ನೀರು ಹರಿಯುವ ಶಾಖ ವಿನಿಮಯಕವನ್ನು ಅಳವಡಿಸಬೇಕು. ಅದನ್ನು ಉರಿಗೂಡಿನ ನಡುವೆ ಇಡುವುದಕ್ಕಿಂತ ಅದರಾಚೆಯ ಹೊಗೆದಾರಿಯಲ್ಲಿ ಕೂರಿಸುವುದು ಮೇಲು. ಉರಿಗೆ ತಣ್ಣನೆಯ ಲೋಹ ತಗುಲಿದರೆ ಸೌದೆ ಪೂರ್ತಿ ಉರಿಯದೆ ಮಸಿ ಹೆಚ್ಚುತ್ತದೆ.

ಮುಂದಿನ ಲೆಕ್ಕ, ಒಲೆಯಲ್ಲಿ ಕಾದ ನೀರನ್ನು ಬೇಕಾದಾಗ ಬಳಸಲು ಕೂಡಿಡುವ ಶೇಖರಣಾ ಟ್ಯಾಂಕಿನದು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿಯಿರುತ್ತದೆ. 10 ಕಿಲೋ ಉರಿಸಿ, ಅದರಲ್ಲಿ ಶೇಕಡಾ 80 ಉಪಯೋಗಕ್ಕೆ ಬಂದು, ಅದರ ಅರ್ಧ ನೀರಿಗೆ ಸೇರಿದರೆ 16 ಕಿಲೋವ್ಯಾಟ್ ಗಂಟೆಯಾಯಿತು. ಇಷ್ಟು ಶಾಖ 500 ಲೀಟರ್ ನೀರನ್ನು 35 ಡಿಗ್ರಿಯಿಂದ ಸುಮಾರು 62 ಡಿಗ್ರಿಗೆ ಏರಿಸುತ್ತದೆ. ಹಣ ಉಳಿಸಲೆಂದು 200 ಲೀಟರಿನ ಟ್ಯಾಂಕ್ ಹಾಕಿಸಿದರೆ ಅದೇ ಶಾಖಕ್ಕೆ ನೀರು ಕುದಿಯುವ ಮಟ್ಟವನ್ನು ಮುಟ್ಟುತ್ತದೆ. ಉಳಿತಾಯ ಮಾಡಬಾರದ ಜಾಗ ಇದೇ.

ಒಲೆಗೆ ಮರಳುವ ನೀರು 55ರಿಂದ 60 ಡಿಗ್ರಿಗಿಂತ ತಣ್ಣಗಿರದಂತೆ, ಅದಕ್ಕೆ ಬಿಸಿನೀರು ಬೆರೆಸುವ ಮಿಶ್ರಣ ಕವಾಟವೊಂದನ್ನು ಹಾಕಬೇಕು, ಇಲ್ಲದಿದ್ದರೆ ಹೊಗೆಯ ತೇವಾಂಶ ವಿನಿಮಯಕದ ಮೇಲೆ ಇಳಿದು ಟಾರು ಕಟ್ಟುತ್ತದೆ, ಲೋಹವೂ ತುಕ್ಕು ಹಿಡಿಯುತ್ತದೆ. ನೆಲದಡಿಯ ಕೊಳವೆಗಳ ತಾಪನವಿದ್ದರೆ ಅದಕ್ಕೆ ಸುಮಾರು 35 ಡಿಗ್ರಿಯೇ ಸಾಕಾಗುವುದರಿಂದ ಆ ಕಡೆಗೆ ಪ್ರತ್ಯೇಕ ಕವಾಟ ಬೇಕು. ಗ್ಯಾಸ್ ಬಾಯ್ಲರನ್ನೂ ಇದೇ ಟ್ಯಾಂಕಿಗೆ ಜೋಡಿಸಿ, ಮೇಲ್ಭಾಗದ ನೀರು ಬಿಸಿಯಿರುವಷ್ಟು ಹೊತ್ತು ಅದು ಹೊತ್ತಿಕೊಳ್ಳದಂತೆ ಸಂವೇದಕವನ್ನು ಇಟ್ಟರಾಯಿತು.

ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಹಾಗಾಗಿ ಮುಚ್ಚಿದ ವ್ಯವಸ್ಥೆಯಲ್ಲಿ ಒತ್ತಡ ಮೀರಿದಾಗ ತೆರೆಯುವ ಸುರಕ್ಷಾ ಕವಾಟ ಮತ್ತು ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ವಿಸ್ತರಣಾ ಪಾತ್ರೆಯ ಜೊತೆಗೆ, ನೀರು ಸುಮಾರು 95 ಡಿಗ್ರಿ ಮುಟ್ಟಿದೊಡನೆ ವಿದ್ಯುತ್ತಿನ ಹಂಗಿಲ್ಲದೆ ತಾನೇ ತೆರೆದು ತಣ್ಣೀರು ಹರಿಸಿ ಒಲೆಯನ್ನು ತಂಪಾಗಿಸುವ ಕವಾಟವೂ ಇರಲೇಬೇಕು. ಅದಕ್ಕೆ ಊರಿನ ನಲ್ಲಿ ನೀರಿನ ಸಂಪರ್ಕ ಕೊಡಿ. ಸ್ವಂತ ಬಾವಿಯ ಪಂಪಿನ ನೀರನ್ನು ನಂಬಬೇಡಿ, ಅದೂ ಅದೇ ಕರೆಂಟಿನದು. ಒಲೆಗೂ ಸುರಕ್ಷಾ ಕವಾಟಕ್ಕೂ ನಡುವೆ ಮುಚ್ಚಬಹುದಾದ ಯಾವ ಕವಾಟವೂ ಇರಕೂಡದು.

ಇದು ಸ್ವತಃ ಮಾಡಿಕೊಳ್ಳುವ ಕೆಲಸವಲ್ಲ. ನಕ್ಷೆಯನ್ನು ಒಲೆ ಕಟ್ಟುವ ಕುಶಲಕರ್ಮಿಗೂ ನಿಮ್ಮ ಪ್ರದೇಶದ ಚಿಮಣಿ ತಪಾಸಕರಿಗೂ ಮೊದಲೇ ತೋರಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಮೊದಲ ಬೆಂಕಿ ಹಚ್ಚುವ ಮುನ್ನ ತಂಪಾಗಿಸುವ ಕವಾಟದ ಪರೀಕ್ಷಾ ಗುಂಡಿಯನ್ನು ಒತ್ತಿ ನೀರು ಧಾರಾಳವಾಗಿ ಹರಿಯುವುದನ್ನು ಕಣ್ಣಾರೆ ನೋಡಿ, ಪ್ರತಿ ಚಳಿಗಾಲಕ್ಕೂ ಮೊದಲು ಅದನ್ನೇ ಮಾಡಿ.