ಓದುವಾಗ ಮಾಡಿದ ರಾತ್ರಿ ಡ್ಯೂಟಿ, ಸ್ಟಾಫ್ ನರ್ಸ್ ಆದ ಮೇಲೆ ಕೈ ಹಿಡಿಯಿತು

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವಾಗ ಕಲಬುರಗಿಯ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಹೆಲ್ಪರ್ ಆಗಿದ್ದೆ. ಫೀಸಿಗೆ ದುಡ್ಡು ಬೇಕಿತ್ತು, ಅದಕ್ಕೇ ಸೇರಿದ್ದು.

ಇಂಜೆಕ್ಷನ್, ಐವಿ ಡ್ರಿಪ್ ಮುಟ್ಟುತ್ತಿರಲಿಲ್ಲ. ಅದು ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದವರ ಕೆಲಸ, ಹಾಗೇ ಇರಬೇಕು. ನನ್ನ ಪಾಲಿಗೆ ಸ್ಪಂಜ್ ಬಾತ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಯೂರಿನ್ ಬ್ಯಾಗ್ ಖಾಲಿ ಮಾಡಿ ಅಳತೆ ಹೇಳುವುದು. ಅಲ್ಲಿದ್ದ ಸೀನಿಯರ್ ಅಕ್ಕ ಆ ಅಂಕಿಯನ್ನು ಸುಮ್ನೆ ಬರೆದುಕೊಳ್ಳುತ್ತಿರಲಿಲ್ಲ. "ಹೋದ ಸಲ ಎಷ್ಟಿತ್ತು? ಬಣ್ಣ ಹೆಂಗದ? ನೀರು ಕುಡ್ದಾರೇನು?" ಅಂತ ಕೇಳುತ್ತಿದ್ದರು. ಉತ್ತರ ಇಲ್ಲದಿದ್ದರೆ ವಾಪಸ್ ಹೋಗಿ ನೋಡಿ ಬರಬೇಕು.

ಸ್ಟಾಫ್ ನರ್ಸ್ ಆಗಿ ಸೇರಿದ ಮೊದಲ ಬೇಸಿಗೆಯಲ್ಲೇ ಅದು ಉಪಯೋಗಕ್ಕೆ ಬಂತು. ಜೇವರ್ಗಿ ಕಡೆಯ ವಯಸ್ಸಾದ ರೈತರೊಬ್ಬರು ವಾಂತಿ ಭೇದಿ ಅಂತ ಅಡ್ಮಿಟ್ ಆಗಿದ್ದರು. ಬಿಪಿ ಪರವಾಗಿಲ್ಲ, ಮಾತೂ ಆಡುತ್ತಿದ್ದರು. ಆದರೆ ಯೂರಿನ್ ಬ್ಯಾಗ್ ತುಂಬುತ್ತಲೇ ಇಲ್ಲ. ಗಂಟೆಗೆ ಕೆ.ಜಿ.ಗೆ ಅರ್ಧ ಎಂ.ಎಲ್. ಲೆಕ್ಕ, ಅಂದರೆ 60 ಕೆ.ಜಿ. ತೂಕಕ್ಕೆ 30 ಎಂ.ಎಲ್. ಆದರೂ ಬರಬೇಕು. ಚಾರ್ಟ್‌ನಲ್ಲಿ 40, 25, 10 ಅಂತ ಇಳಿದಿತ್ತು. ಕೂಡಲೇ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಯಾರು, ಏನಾಗಿದೆ, ಯಾವಾಗಿನಿಂದ, ನನಗೇನು ಅನುಮಾನ (ಮೈಯಲ್ಲಿ ನೀರು ಕಡಿಮೆ ಆಗಿದೆ) ಅಂತ ಒಂದೊಂದಾಗಿ ಹೇಳಿದೆ. ಅವರು ಬಂದು ನೋಡಿ ಫ್ಲೂಯಿಡ್ ಜಾಸ್ತಿ ಮಾಡಿದರು.

ಹಾಗಂತ ಎಲ್ಲ ಸುಲಭ ಆಗಲಿಲ್ಲ. ಕಾಲೇಜಿನಿಂದ ವಾರ್ಡಿಗೆ ಬರುವ ಹೊಸಬರಿಗೆ ಆಗುವ ಹೊಡೆತಕ್ಕೆ ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲಿನ್ ಕ್ರೇಮರ್ 1974ರಲ್ಲೇ 'ರಿಯಾಲಿಟಿ ಶಾಕ್' ಅಂದಿದ್ದರು. ನನಗೂ ಆಯಿತು. ನಾಲ್ಕು ಕಡೆಯಿಂದ ಕರೆದಾಗ ಮೊದಲು ಯಾರ ಹತ್ತಿರ ಹೋಗಬೇಕು, ಔಷಧಿ ಕೊಟ್ಟು ನನ್ನ ಹೆಸರಲ್ಲಿ ಸಹಿ ಹಾಕುವುದು, ಇದನ್ನೆಲ್ಲ ಹೆಲ್ಪರ್ ಕೆಲಸ ಕಲಿಸಿರಲಿಲ್ಲ. ಆದರೆ ಪೇಷೆಂಟ್ ಮೈ ಮುಟ್ಟಲು, ಮನೆಯವರ ಜೊತೆ ಮಾತಾಡಲು ಭಯ ಇರಲಿಲ್ಲ. ತಲೆ ಪೂರ್ತಿ ಹೊಸದರ ಕಡೆ ಕೊಡಬಹುದಿತ್ತು.

ನನ್ನ ಜೊತೆಯವಳೊಬ್ಬಳು ಬೇರೆ ಕಡೆ ಇದೇ ಕೆಲಸ ಮಾಡಿದ್ದಳು. ಅಲ್ಲಿ ಉಸಿರಾಟ ಎಣಿಸದೆ ಎಲ್ಲರಿಗೂ 20 ಅಂತ ಬರೆಯುವುದೇ ರೂಢಿ. ಪೂರ್ತಿ ಒಂದು ನಿಮಿಷ ನಿಂತು ಎಣಿಸುವ ಅಭ್ಯಾಸ ಮಾಡಿಕೊಳ್ಳಲು ಪಾಪ ಅವಳಿಗೆ ಎಷ್ಟು ಕಷ್ಟ ಆಯಿತು! ಎಲ್ಲಿ ಕೆಲಸ ಮಾಡಿದೆ ಅನ್ನೋದಕ್ಕಿಂತ ಯಾರ ಕೈಕೆಳಗೆ ಮಾಡಿದೆ ಅನ್ನೋದೇ ಮುಖ್ಯ ಅಲ್ವಾ?

ಈಗ ಓದುತ್ತಿರುವವರು ಸೇರುವ ಮುಂಚೆ ಕೇಳಿಕೊಳ್ಳಿ: ರಾತ್ರಿ ರಿಜಿಸ್ಟರ್ಡ್ ನರ್ಸ್ ಇರುತ್ತಾರಾ, ಪರೀಕ್ಷೆಗೆ ರಜೆ ಕೊಡುತ್ತಾರಾ? ವಾರ್ಡ್ ನಿಮ್ಮೊಬ್ಬರ ಮೇಲೆ ಬಿಟ್ಟು ಹೋಗುವ ಕಡೆ, ದುಡ್ಡು ಜಾಸ್ತಿ ಕೊಟ್ಟರೂ ಬೇಡ.