ಸ್ವಿಟ್ಜರ್‌ಲೆಂಡಿಗೆ ಹೊರಟಿದ್ದೀರಾ? ಒಗ್ಗರಣೆ ಬೆಂಗಳೂರಿನಲ್ಲೇ ಮುಗಿಸಿಕೊಳ್ಳಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯುರೋಪ್ ನೋಡಿಬಂದ ಮನೆಗಳು ಏಳೆಂಟಿವೆ. ವಿಮಾನದ ಟಿಕೆಟ್ ಎಷ್ಟು ಅಗ್ಗಕ್ಕೆ ಸಿಕ್ಕಿತು ಎನ್ನುವುದನ್ನು ಎಲ್ಲರೂ ಖುಷಿಯಿಂದ ಹೇಳುತ್ತಾರೆ. ಕ್ರೆಡಿಟ್ ಕಾರ್ಡ್ ಬಿಲ್ಲಿನ ಮಾತು ಬಂದರೆ ದನಿ ಇಳಿಯುತ್ತದೆ. ಅಂಥ ಮೂರ್ನಾಲ್ಕು ಬಿಲ್ಲುಗಳನ್ನು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ನೋಡಿದ್ದೇನೆ. ದುಡ್ಡು ಹೆಚ್ಚಾಗಿ ಸೋರಿರುವುದು ಬೆಟ್ಟ, ಸರೋವರ ನೋಡಿದ್ದಕ್ಕಲ್ಲ. ಮಧ್ಯಾಹ್ನ ಒಂದೂವರೆಗೆ ಹೊಟ್ಟೆ ಚುರುಗುಟ್ಟಿ ಎದುರಿಗೆ ಸಿಕ್ಕ ಹೋಟೆಲಿಗೆ ನುಗ್ಗಿದ್ದಕ್ಕೆ, ನೀರಿನ ಬಾಟಲಿಗೆ, ರೈಲು ಹೊರಡಲು ಐದು ನಿಮಿಷವಿರುವಾಗ ಕೊಂಡ ಟಿಕೆಟ್ಟಿಗೆ. ದುಬಾರಿ ದೇಶಗಳಲ್ಲಿ ಹಸಿವು ಮತ್ತು ಅವಸರಕ್ಕೆ ತೆರುವ ದುಡ್ಡೇ ಹೆಚ್ಚು. ಅವೆರಡನ್ನೂ ಇಲ್ಲಿಂದಲೇ ಕಟ್ಟಿಹಾಕುವುದು ಹೇಗೆಂದು ಹೇಳುತ್ತೇನೆ.

ಉದಾಹರಣೆಗೆ ಸ್ವಿಟ್ಜರ್‌ಲೆಂಡನ್ನೇ ಇಟ್ಟುಕೊಳ್ಳೋಣ. ಅಲ್ಲಿ ನಿಭಾಯಿಸಿದವರು ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡಿನಲ್ಲೂ ನಿಭಾಯಿಸುತ್ತಾರೆ. ಅಲ್ಲಿನ ಒಂದು ಫ್ರಾಂಕ್ ಈಗ ನೂರು ರೂಪಾಯಿ ದಾಟಿದೆ. ಸಾಧಾರಣ ಹೋಟೆಲಿನಲ್ಲಿ ಒಂದು ಊಟಕ್ಕೆ 25 ಫ್ರಾಂಕ್ ಹಿಡಿಯಿರಿ, ಒಂದು ಕಾಫಿಗೆ ಐದರ ಆಸುಪಾಸು. ಗಂಡ ಹೆಂಡತಿ ಎರಡು ಹೊತ್ತು ಹೊರಗೆ ಉಂಡರೆ ದಿನಕ್ಕೆ ಹತ್ತು ಸಾವಿರ ರೂಪಾಯಿ ಊಟಕ್ಕೇ ಹೋಯಿತು.

ಹೆಜ್ಜೆ 1: ತಿಂಗಳು ಆರಿಸಿ

ಏಪ್ರಿಲ್-ಮೇ ರಜೆಗೆ ಇಡೀ ಬೆಂಗಳೂರು ವೀಸಾ ಸಾಲಿನಲ್ಲಿ ನಿಂತಿರುತ್ತದೆ, ಜುಲೈ-ಆಗಸ್ಟಿನಲ್ಲಿ ಯುರೋಪಿನವರೇ ರಜೆಯಲ್ಲಿರುತ್ತಾರೆ. ಮಕ್ಕಳಿದ್ದರೆ ದಸರಾ ರಜೆಗೆ ಹೊರಡಿ, ಇಲ್ಲದಿದ್ದರೆ ಸೆಪ್ಟೆಂಬರ್. ನವೆಂಬರ್ ಬೇಡ. ಬೆಟ್ಟದ ಕೇಬಲ್ ಕಾರುಗಳು ಎಷ್ಟೋ ಕಡೆ ದುರಸ್ತಿಗೆಂದು ಆಗ ಮುಚ್ಚಿರುತ್ತವೆ.

ಹೆಜ್ಜೆ 2: ವೀಸಾಕ್ಕಿಂತ ಮೊದಲು ಮಲಗುವ ಜಾಗ

ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಎಂದು ಪಟ್ಟಿ ಮಾಡಬೇಡಿ. ಹತ್ತು ದಿನಕ್ಕೆ ಎರಡು ಊರು ಸಾಕು. ಆ ಊರಿನಿಂದ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಜಾಗ ಹುಡುಕುವಾಗ ನಾನು ನೋಡುವುದು ಮೂರೇ: ಅಡುಗೆಮನೆ ಇದೆಯೇ, ರೈಲು ನಿಲ್ದಾಣ ನಡೆಯುವಷ್ಟು ಹತ್ತಿರವಿದೆಯೇ, ಪಕ್ಕದಲ್ಲಿ ಸೂಪರ್‌ಮಾರ್ಕೆಟ್ ಇದೆಯೇ. ಕಿಟಕಿಯಿಂದ ಬೆಟ್ಟ ಕಾಣುತ್ತದೋ ಇಲ್ಲವೋ ಎಂಬುದಕ್ಕೆ ದುಡ್ಡು ಕೊಡಬೇಡಿ, ಬೆಟ್ಟದ ಬುಡಕ್ಕೇ ಹೋಗುತ್ತಿದ್ದೀರಲ್ಲ.

ಯೂತ್ ಹಾಸ್ಟೆಲ್ ಎಂಬ ಹೆಸರು ಕೇಳಿ ಐವತ್ತು ದಾಟಿದವರು ಹಿಂಜರಿಯುತ್ತಾರೆ. ಅಲ್ಲಿ ವಯಸ್ಸಿನ ಮಿತಿ ಇಲ್ಲ, ಕುಟುಂಬಕ್ಕೆಂದೇ ಕೋಣೆಗಳೂ ಇರುತ್ತವೆ. ಆದರೆ ಎಲ್ಲ ಹಾಸ್ಟೆಲಿನಲ್ಲೂ ಅತಿಥಿಗಳಿಗೆ ಅಡುಗೆಮನೆ ಇರುವುದಿಲ್ಲ, ಕಾಯ್ದಿರಿಸುವ ಮೊದಲು ಕೇಳಿಯೇ ಖಚಿತಪಡಿಸಿಕೊಳ್ಳಿ. ಬಾಸೆಲ್, ಬರ್ನ್, ಲೊಸಾನ್, ಜಿನೀವಾದಲ್ಲಿ ರಾತ್ರಿ ತಂಗುವವರಿಗೆ ಊರೊಳಗಿನ ಟ್ರಾಮ್-ಬಸ್ಸು ಉಚಿತ, ಹೋಟೆಲಿನವರೇ ಕಾರ್ಡ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ.

ಇನ್ನೊಂದು ದಾರಿ ಗಡಿಯಾಚೆ ಮಲಗುವುದು. ಬಾಸೆಲ್ ಊರು ಜರ್ಮನಿ, ಫ್ರಾನ್ಸ್ ಎರಡಕ್ಕೂ ತಾಗಿಕೊಂಡಿದೆ. ಅಲ್ಲಿನ 8ನೇ ನಂಬರಿನ ಟ್ರಾಮ್ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಊರಿಗೆ ಹೋಗುತ್ತದೆ, 3ನೇ ನಂಬರಿನದು ಫ್ರಾನ್ಸಿನ ಸೇಂಟ್ ಲೂಯಿಗೆ. ಆ ಕಡೆ ಕೋಣೆಯೂ ದಿನಸಿಯೂ ಅಗ್ಗ, ಸ್ವಿಸ್ ಜನರೇ ಶನಿವಾರ ಚೀಲ ಹಿಡಿದು ಸಂತೆಗೆ ಹೋದ ಹಾಗೆ ಹೋಗುತ್ತಾರೆ. ಕೋಪನ್‌ಹೇಗನ್ ನೋಡುವವರು ಸೇತುವೆಯಾಚೆ ಸ್ವೀಡನ್ನಿನ ಮಾಲ್ಮೊದಲ್ಲಿ ಉಳಿಯುವುದೂ ಇದೇ ಲೆಕ್ಕ. ಆದರೆ ದಿನಾ ಓಡಾಡುವ ರೈಲಿನ ಖರ್ಚು ಕೂಡಿಸಿ ನೋಡಿ, ಕೆಲವು ಸಲ ಉಳಿತಾಯ ಅಲ್ಲಿಗೇ ಸರಿಹೋಗುತ್ತದೆ.

ಇಲ್ಲೊಂದು ಎಡವಟ್ಟು ನೋಡಿದ್ದೇನೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ಉಳಿಯುವ ದೇಶದಿಂದ ಪಡೆಯಬೇಕು. ಪರಿಚಯದ ಒಬ್ಬರು ಸ್ವಿಸ್ ವೀಸಾಕ್ಕೆ ಅರ್ಜಿ ಹಾಕಿ, ಹತ್ತರಲ್ಲಿ ಏಳು ರಾತ್ರಿ ಜರ್ಮನಿಯ ಬುಕಿಂಗ್ ಲಗತ್ತಿಸಿದ್ದರು. ಕಾಗದ ಪತ್ರ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಮಲಗುವ ಜಾಗ ಮೊದಲು, ವೀಸಾ ಆಮೇಲೆ ಎಂದದ್ದು ಅದಕ್ಕೇ.

ಹೆಜ್ಜೆ 3: ವೀಸಾ

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಲೇಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿ ಕೇಂದ್ರದಲ್ಲಿ ಎಸ್ಸೆಮ್ಮೆಸ್ಸು, ಕೊರಿಯರು, ವಿಶೇಷ ಕೋಣೆ ಎಂದು ಮಾರುವ ಯಾವುದರಿಂದಲೂ ವೀಸಾ ಬೇಗ ಬರುವುದಿಲ್ಲ.

ಹೆಜ್ಜೆ 4: ರೈಲಿನ ಲೆಕ್ಕ ಕಾಗದದ ಮೇಲೆ

ಏಜೆಂಟರು ಕಣ್ಣುಮುಚ್ಚಿ ಸ್ವಿಸ್ ಟ್ರಾವೆಲ್ ಪಾಸ್ ಕೊಡಿಸುತ್ತಾರೆ. ಒಳ್ಳೆಯ ಪಾಸೇ. ರೈಲು, ಬಸ್ಸು, ದೋಣಿ ಎಲ್ಲ ಸೇರಿರುತ್ತದೆ, ಐನೂರಕ್ಕೂ ಹೆಚ್ಚು ಮ್ಯೂಸಿಯಮ್ಮುಗಳ ಪ್ರವೇಶವೂ ಅದರಲ್ಲೇ. ಆದರೆ ಎಲ್ಲರಿಗೂ ಅದು ಲಾಭವಲ್ಲ. ನೀವು ಮಾಡಬೇಕಾದದ್ದು ಇಷ್ಟು: ಯಾವ ದಿನ ಎಲ್ಲಿಂದ ಎಲ್ಲಿಗೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಸ್ವಿಸ್ ರೈಲ್ವೆ ಆ್ಯಪಿನಲ್ಲಿ ಪ್ರತಿಯೊಂದರ ಪೂರ್ತಿ ದರ ನೋಡಿ ಪಕ್ಕದಲ್ಲಿ ಬರೆದು ಕೂಡಿಸಿ. ಆ ಮೊತ್ತದ ಅರ್ಧಕ್ಕೆ, ಟಿಕೆಟ್ಟುಗಳನ್ನು ಅರ್ಧ ದರಕ್ಕೆ ಕೊಡಿಸುವ ಹಾಫ್ ಫೇರ್ ಕಾರ್ಡಿನ ಬೆಲೆ ಸೇರಿಸಿ. ಬಂದ ಉತ್ತರವನ್ನು ಪಾಸಿನ ಬೆಲೆಯೊಂದಿಗೆ ಹೋಲಿಸಿ. ಎರಡು ಊರಿನಲ್ಲಿ ನೆಲೆ ನಿಂತು, ದಿನ ಬಿಟ್ಟು ದಿನ ಬೆಟ್ಟ ಹತ್ತುವವರಿಗೆ ಹಾಫ್ ಫೇರ್ ಕಾರ್ಡೇ ಗೆಲ್ಲುವುದನ್ನು ಹೆಚ್ಚು ಸಲ ಕಂಡಿದ್ದೇನೆ. ದಿನಾ ದೂರ ಸುತ್ತುವವರಿಗೆ ಪಾಸ್. ದಿನಾಂಕ ಬದಲಾಗುವುದಿಲ್ಲ ಎಂದಾದರೆ ಮೂರನೆಯದೂ ಒಂದಿದೆ: ಒಂದು ದಿನದ ಓಡಾಟಕ್ಕೆಂದು ಕೊಳ್ಳುವ ಸೇವರ್ ಡೇ ಪಾಸ್. ಆರು ತಿಂಗಳು ಮುಂಚೆ ಮಾರಾಟ ಶುರುವಾಗುತ್ತದೆ, ಬೇಗ ಕೊಂಡಷ್ಟೂ ಅಗ್ಗ. ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ಪಾಸ್ ಇರುವ ಅಪ್ಪ ಅಮ್ಮನ ಜೊತೆ 16 ತುಂಬದವರಿಗೆ ಟಿಕೆಟ್ ಬೇಡ. ಮೊದಲ ದರ್ಜೆ ಬೇಡವೇ ಬೇಡ, ಎರಡನೇ ದರ್ಜೆಯ ಕಿಟಕಿಯಲ್ಲೂ ಅದೇ ಸರೋವರ.

ಯುಂಗ್‌ಫ್ರಾವ್‌ಯೋಕ್ ಎಂಬ ಹಿಮಬೆಟ್ಟದ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ, ಟಿಕೆಟ್ಟಿನ ಪೂರ್ತಿ ದರ 200 ಫ್ರಾಂಕ್ ಮೀರುತ್ತದೆ. ಟ್ರಾವೆಲ್ ಪಾಸ್ ಇದ್ದರೂ ಮೇಲಿನ ಭಾಗಕ್ಕೆ ಬೇರೆ ದುಡ್ಡು. ತಿಂಗಳ ಮುಂಚೆ ಇದನ್ನು ಕಾಯ್ದಿರಿಸಿ, ಆ ದಿನ ಮೋಡ ಮುಸುಕಿ, ಬಿಳಿ ಗೋಡೆ ನೋಡಿಕೊಂಡು ಬಂದವರು ನಮ್ಮ ಬ್ಲಾಕಿನಲ್ಲೇ ಇಬ್ಬರು. ಬೆಳಿಗ್ಗೆ ಎದ್ದು ಅಲ್ಲಿನ ವೆಬ್‌ಕ್ಯಾಮ್ ನೋಡಿ, ಬಿಸಿಲಿದ್ದರೆ ಮಾತ್ರ ಟಿಕೆಟ್ ಕೊಳ್ಳಿ. ನನ್ನನ್ನು ಕೇಳಿದರೆ ರಿಗಿ ಬೆಟ್ಟಕ್ಕೆ ಹೋಗಿ. ಅಲ್ಲಿಗೆ ಹತ್ತುವುದು 1871ರಲ್ಲಿ ಶುರುವಾದ, ಯುರೋಪಿನ ಮೊದಲ ಬೆಟ್ಟದ ರೈಲು, ಟ್ರಾವೆಲ್ ಪಾಸಿನಲ್ಲಿ ಪೂರ್ತಿ ಉಚಿತ.

ಗಾಜಿನ ಛಾವಣಿಯ ಬರ್ನಿನಾ ಎಕ್ಸ್‌ಪ್ರೆಸ್ಸಿಗೆ ಸೀಟು ಕಾಯ್ದಿರಿಸುವ ಶುಲ್ಕ ಬೇರೆ ಕೊಡಬೇಕು. ಅದೇ ಹಳಿಯ ಮೇಲೆ ಮಾಮೂಲಿ ಪ್ಯಾಸೆಂಜರ್ ರೈಲೂ ಓಡುತ್ತದೆ, ಅದಕ್ಕೆ ಆ ಶುಲ್ಕವಿಲ್ಲ. ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು, ಫೋಟೊದಲ್ಲಿ ಗಾಜಿನ ಪ್ರತಿಬಿಂಬವೂ ಬರುವುದಿಲ್ಲ.

ಹೆಜ್ಜೆ 5: ಕಾರ್ಡ್ ಉಜ್ಜುವ ಮೊದಲು ಪರದೆ ಓದಿ

ನಮ್ಮ ಬಹುತೇಕ ಕ್ರೆಡಿಟ್ ಕಾರ್ಡುಗಳು ವಿದೇಶಿ ಖರ್ಚಿಗೆ ಶೇ 3.5 ಹೆಚ್ಚುವರಿ ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಶೇ 4.13. ಎರಡು ಲಕ್ಷ ಖರ್ಚಿಗೆ 8,260 ರೂಪಾಯಿ ಸುಮ್ಮನೆ ಹೋಗುತ್ತದೆ. ಈ ಶುಲ್ಕವಿಲ್ಲದ ಕಾರ್ಡುಗಳಿವೆ, ಹೊರಡುವ ಎರಡು ತಿಂಗಳು ಮೊದಲೇ ಒಂದನ್ನು ಮಾಡಿಸಿಕೊಳ್ಳಿ. ಕೈಯಲ್ಲಿ ನೂರು-ನೂರೈವತ್ತು ಫ್ರಾಂಕ್ ನೋಟು ಸಾಕು. ಅದನ್ನೂ ಎಂ.ಜಿ. ರಸ್ತೆಯ ಆಸುಪಾಸಿನ ಎರಡು ಮೂರು ಅಂಗಡಿಯಲ್ಲಿ ದರ ಕೇಳಿ ಕೊಳ್ಳಿ, ವಿಮಾನ ನಿಲ್ದಾಣದಲ್ಲಲ್ಲ.

ಇದಕ್ಕಿಂತ ದೊಡ್ಡ ಸೋರಿಕೆ ಅಂಗಡಿಯ ಗಲ್ಲಾದಲ್ಲಿ. ಕಾರ್ಡ್ ಇಟ್ಟ ಕೂಡಲೇ ಯಂತ್ರದ ಪರದೆಯಲ್ಲಿ ಎರಡು ಸಾಲು ಮೂಡುತ್ತವೆ: ಮೇಲೆ ಫ್ರಾಂಕಿನಲ್ಲಿ, ಕೆಳಗೆ ರೂಪಾಯಿಯಲ್ಲಿ. ಪರದೇಶದಲ್ಲಿ ನಮ್ಮ ರೂಪಾಯಿ ಕಂಡ ಸಮಾಧಾನಕ್ಕೋ ಏನೋ, ಬೆರಳು ಅದರ ಕಡೆಗೇ ಹೋಗುತ್ತದೆ. ಒತ್ತಬೇಡಿ. ರೂಪಾಯಿ ಆರಿಸಿದರೆ ಪರಿವರ್ತನೆಯ ದರವನ್ನು ಆ ಯಂತ್ರದ ಕಡೆಯವರು ತಮಗೆ ಬೇಕಾದಂತೆ ಹಾಕಿಕೊಳ್ಳುತ್ತಾರೆ. ಹಿಂದೆ ಸಾಲು ಬೆಳೆದಿದ್ದರೂ ಪರವಾಗಿಲ್ಲ, ನಿಂತು ಓದಿ, ಆ ದೇಶದ ನಾಣ್ಯವನ್ನೇ ಆರಿಸಿ. ಎಟಿಎಮ್ಮಿನಲ್ಲೂ ಇದೇ ಪ್ರಶ್ನೆ, ಇದೇ ಉತ್ತರ.

ಹೆಜ್ಜೆ 6: ಊಟ

ಎಲ್ಲರೂ ಸೋಲುವುದು ಇಲ್ಲೇ. ನಮ್ಮವರಲ್ಲಿ ಎರಡು ಬಗೆ. ಏನನ್ನೂ ಒಯ್ಯದೆ ಹೋಗಿ ಮೂರನೇ ದಿನ ಅನ್ನಕ್ಕೆ ಪರದಾಡುವವರು ಒಂದು. ಪೆಟ್ಟಿಗೆ ತುಂಬ ರೆಡಿ ಟು ಈಟ್ ಪೊಟ್ಟಣ ತುಂಬಿಕೊಳ್ಳುವವರು ಇನ್ನೊಂದು. ಆ ಪೊಟ್ಟಣಗಳನ್ನು ನಾನು ಒಯ್ಯುವುದಿಲ್ಲ. ಹತ್ತು ಪೊಟ್ಟಣ ಎಂದರೆ ಮೂರು ಕಿಲೋ, ಅದರಲ್ಲಿ ಬಹುಪಾಲು ನೀರಿನ ಭಾರ. ತುಪ್ಪ, ಖೋವಾ, ಪನೀರ್, ಮಾಂಸದ ಪದಾರ್ಥ ಇಟ್ಟುಕೊಳ್ಳಬೇಡಿ, ಹೊರದೇಶದಿಂದ ಬರುವವರು ಅವನ್ನು ತರುವಂತಿಲ್ಲ. ಹಸಿ ಕರಿಬೇವೂ ಬೇಡ.

ಒಮ್ಮೆ ನಾನು ಉಳಿದಿದ್ದ ಹಾಸ್ಟೆಲಿನಲ್ಲಿ ಬೆಂಗಳೂರಿನದೇ ಒಂದು ಕುಟುಂಬವಿತ್ತು. ರಾತ್ರಿ ಎಂಟಕ್ಕೆ ಆ ಮನೆಯ ಹಿರಿಯಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟರು. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಬಿತ್ತು, ಘಾಟು ಎದ್ದದ್ದೇ ತಡ ಛಾವಣಿಯಲ್ಲಿದ್ದ ಹೊಗೆ ಪತ್ತೆಯ ಯಂತ್ರ ಕೂಗಿಕೊಂಡಿತು. ನಾಲ್ಕು ಮಹಡಿಯ ಜನ ಕಾಲುಚೀಲದಲ್ಲೇ ಅಂಗಳಕ್ಕೆ ಇಳಿದರು. ಆಕೆ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಚಳಿಯಲ್ಲಿ ನಿಂತಿದ್ದರು, ಕಣ್ಣಲ್ಲಿ ನೀರು. ಹಾಸ್ಟೆಲಿನವರು ಅದಕ್ಕೂ ಶುಲ್ಕ ಹಾಕಿದರು. ಆವತ್ತಿನಿಂದ ನಾನು ಒಗ್ಗರಣೆಯನ್ನು ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೊರಡುತ್ತೇನೆ.

ಮಾಡುವುದು ಗೊಜ್ಜವಲಕ್ಕಿಯ ಸಿದ್ಧತೆ. ಇಬ್ಬರಿಗೆ ಹತ್ತು ದಿನಕ್ಕೆ ಒಂದೂವರೆ ಕಿಲೋ ಗಟ್ಟಿ ಅವಲಕ್ಕಿ ತನ್ನಿ, ತೆಳು ಅವಲಕ್ಕಿ ನಡೆಯುವುದಿಲ್ಲ. ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ರವೆಯಷ್ಟು ತರಿ ಮಾಡಿ. ನಂತರ ಜರಡಿ ಹಿಡಿಯಲೇಬೇಕು. ನುಣ್ಣಗಿನ ಹಿಟ್ಟು ಉಳಿದರೆ ಬಿಸಿನೀರು ಬಿದ್ದ ಕೂಡಲೇ ಮುದ್ದೆಯಾಗುತ್ತದೆ. ಜರಡಿಯಲ್ಲಿ ನಿಂತದ್ದನ್ನು ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿದು ಆರಿಸಿ.

ಗೊಜ್ಜಿಗೆ ಎಳ್ಳೆಣ್ಣೆ ಧಾರಾಳವಾಗಿರಲಿ. ಸಾಸಿವೆ, ಕಡಲೆಬೇಳೆ, ಇಂಗು, ಒಣಮೆಣಸಿನಕಾಯಿ, ಕರಿಬೇವು ಗರಿಗರಿಯಾಗಲಿ, ಎಲೆಯಲ್ಲಿ ಹಸಿ ಉಳಿಯಬಾರದು. ಮೇಲೆ ಗಟ್ಟಿ ಹುಣಸೆರಸ, ಬೆಲ್ಲ, ಅರಿಸಿನ, ಉಪ್ಪು, ಮನೆಯ ಸಾರಿನ ಪುಡಿ. ಕುದಿಯುತ್ತ ಕುದಿಯುತ್ತ ಎಣ್ಣೆ ಅಂಚಿಗೆ ಬಿಟ್ಟುಕೊಂಡು, ಸೌಟು ಎತ್ತಿದರೆ ಜಾರದೆ ನಿಲ್ಲಬೇಕು. ಅಲ್ಲಿಗೆ ಬರುವ ಮೊದಲೇ ಇಳಿಸಿದರೆ ನೀರಿನಂಶ ಉಳಿದು ದಾರಿಯಲ್ಲಿ ಕೆಡುತ್ತದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಚೆಕ್-ಇನ್ ಲಗೇಜಿನಲ್ಲೇ ಇಡಿ. ಕೈಚೀಲದಲ್ಲಿಟ್ಟರೆ 100 ಮಿಲಿಲೀಟರ್ ನಿಯಮದಡಿ ದೇವನಹಳ್ಳಿಯಲ್ಲೇ ತೆಗೆದಿಡುತ್ತಾರೆ. ಹುರಿದ ಶೇಂಗಾ, ಒಣಕೊಬ್ಬರಿ ತುರಿ, ಚಟ್ನಿಪುಡಿ ಬೇರೆ ಬೇರೆ ಕಟ್ಟಿಕೊಳ್ಳಿ.

ಅಲ್ಲಿ ಬೆಳಿಗ್ಗೆ ಕೆಲಸ ಹತ್ತೇ ನಿಮಿಷ. ಒಂದು ಲೋಟ ತರಿ ಡಬ್ಬಿಗೆ ಹಾಕಿ. ಒಂದು ಲೋಟ ಬಿಸಿನೀರಿನಲ್ಲಿ ಎರಡು ಚಮಚ ಗೊಜ್ಜು ಕದಡಿ ಮೇಲೆ ಸುರಿದು ಮುಚ್ಚಿ. ಆಮೇಲೆ ಬೆರಳಿನಿಂದ ಉದುರಿಸಿ ಶೇಂಗಾ, ಕೊಬ್ಬರಿ ಬೆರೆಸಿ. ಅವಲಕ್ಕಿ ಅಂಗಡಿಯಿಂದ ಅಂಗಡಿಗೆ ಬೇರೆ, ನೀರಿನ ಅಳತೆಯನ್ನು ಮನೆಯಲ್ಲೇ ಎರಡು ಸಲ ಪರೀಕ್ಷಿಸಿ ಡಬ್ಬಿಯ ಮೇಲೆ ಬರೆದಿಡಿ. ಮಧ್ಯಾಹ್ನ ಸರೋವರದ ದಂಡೆಯ ಬೆಂಚಿನ ಮೇಲೆ ಕೂತು ತಿನ್ನಿ.

ನೀರು ಕಾಯಿಸಲು ಸಣ್ಣ ಕೆಟಲ್ ಬೇಕು, ಅಲ್ಲಿನ ಎಷ್ಟೋ ಕೋಣೆಗಳಲ್ಲಿ ಇರುವುದಿಲ್ಲ. ವೋಲ್ಟೇಜ್ ನಮ್ಮದೇ, ಪ್ಲಗ್ ಬೇರೆ. ಇಲ್ಲಿ ‘ಯುರೋಪ್ ಅಡಾಪ್ಟರ್’ ಎಂದು ಮಾರುವ ದಪ್ಪ ಗುಂಡನೆಯದು ಸ್ವಿಟ್ಜರ್‌ಲೆಂಡಿನ ಆರು ಮೂಲೆಯ ತಗ್ಗು ಸಾಕೆಟ್ಟಿಗೆ ಇಳಿಯುವುದೇ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಸ್ವಿಸ್ ಮೂರು ಪಿನ್ನಿನದೇ ಬೇಕೆಂದು ಹೇಳಿ ಕೇಳಿ. ಪ್ರಪಂಚಕ್ಕೆಲ್ಲ ಒಂದೇ ಎನ್ನುವ ಅಗ್ಗದ ಜಾರುಪಿನ್ನಿನ ಡಬ್ಬಿಗಳಲ್ಲಿ ಅರ್ತ್ ಇರುವುದಿಲ್ಲ, ಕೆಟಲ್ ಹಾಕಿದರೆ ಕಾದು ಕರಗುತ್ತವೆ.

ರಾತ್ರಿಗೆ ಅನ್ನ-ಮೊಸರು. ಮಿಗ್ರೋಸ್, ಕೋಪ್, ಡೆನರ್ ಅಂಗಡಿಗಳಲ್ಲಿ ಅಕ್ಕಿ, ತರಕಾರಿ ಸಿಗುತ್ತದೆ. ಮಿಗ್ರೋಸಿನಲ್ಲಿ ‘ಎಂ ಬಜೆಟ್’ ಎಂಬ ಹಸಿರು ಹೊದಿಕೆ, ಕೋಪ್‌ನಲ್ಲಿ ‘ಪ್ರಿ ಗಾರಂಟಿ’ ಎಂಬ ಹೆಸರು ನೋಡಿ ಕೊಳ್ಳಿ, ಅವೇ ಎಲ್ಲಕ್ಕಿಂತ ಅಗ್ಗ. ಮೊಸರಿನ ಡಬ್ಬಿಯ ಮೇಲೆ ‘ನೇಚರ್’ ಎಂದಿರಬೇಕು, ಇಲ್ಲದಿದ್ದರೆ ಕಾಫಿ ರುಚಿಯ ಸಿಹಿಮೊಸರನ್ನು ಅನ್ನಕ್ಕೆ ಕಲಸಬೇಕಾದೀತು. ಅಂಗಡಿ ಮುಚ್ಚುವ ಮುಂಚಿನ ಒಂದು ಗಂಟೆಯಲ್ಲಿ ಸಲಾಡ್, ಬ್ರೆಡ್ಡುಗಳ ಮೇಲೆ ಶೇ 25, ಶೇ 50 ರಿಯಾಯಿತಿಯ ಚೀಟಿ ಅಂಟಿಸುತ್ತಾರೆ. ಮೊಟ್ಟೆಯನ್ನೂ ತಿನ್ನದವರು ‘ವೀಗನ್’ ಎಂದು ಬರೆದದ್ದನ್ನೇ ಕೊಳ್ಳಿ.

ಒಂದು ಹೊತ್ತು ಮಾತ್ರ ಹೊರಗೆ ಉಣ್ಣಿ, ಅದೂ ಜ್ಯೂರಿಕ್‌ನ ಹಿಲ್ಟ್‌ಲ್‌ನಲ್ಲಿ. 1898ರಿಂದ ನಡೆಯುತ್ತಿರುವ ಸಸ್ಯಾಹಾರಿ ಹೋಟೆಲ್. ಬಫೆಯಲ್ಲಿ ತಟ್ಟೆ ತೂಗಿ ದುಡ್ಡು ತೆಗೆದುಕೊಳ್ಳುತ್ತಾರೆ. ಅನ್ನ, ಆಲೂಗಡ್ಡೆ ಮನೆಯಲ್ಲೂ ಇದೆ, ಮನೆಯಲ್ಲಿ ಸಿಗದ್ದನ್ನು ಬಡಿಸಿಕೊಳ್ಳಿ.

ನೀರು ಕೊಳ್ಳಬೇಡಿ. ಜ್ಯೂರಿಕ್ ಒಂದರಲ್ಲೇ 1,200ಕ್ಕೂ ಹೆಚ್ಚು ಕಾರಂಜಿಗಳಿವೆ, ಬಾಟಲಿ ಹಿಡಿದು ತುಂಬಿಸಿಕೊಳ್ಳಿ. ‘ಕೈನ್ ಟ್ರಿಂಕ್‌ವಾಸರ್’ ಎಂಬ ಫಲಕವಿದ್ದರೆ ಮಾತ್ರ ಅದು ಕುಡಿಯುವ ನೀರಲ್ಲ. ದೊಡ್ಡ ನಿಲ್ದಾಣಗಳ ಶೌಚಾಲಯಕ್ಕೆ ದುಡ್ಡು ಕೊಡಬೇಕು, ಇಳಿಯುವ ಮೊದಲು ರೈಲಿನಲ್ಲೇ ಹೋಗಿ ಬನ್ನಿ. ಯುರೋಪಿನ ಸಿಮ್ ಕೊಳ್ಳುವಾಗ ಸ್ವಿಟ್ಜರ್‌ಲೆಂಡ್ ಸೇರಿದೆಯೇ ಎಂದು ಕೇಳಿ. ಅದು ಐರೋಪ್ಯ ಒಕ್ಕೂಟದಲ್ಲಿಲ್ಲ, ಎಷ್ಟೋ ಪ್ಲಾನುಗಳು ಅಲ್ಲಿ ನಿಂತುಹೋಗುತ್ತವೆ.

ಭಾನುವಾರ ಊರಿನ ಹೆಚ್ಚಿನ ಅಂಗಡಿಗಳು ಬಂದ್. ದೊಡ್ಡ ರೈಲು ನಿಲ್ದಾಣದೊಳಗಿನವು ತೆರೆದಿರುತ್ತವೆ, ಅಲ್ಲಿ ಸಾಲೂ ಉದ್ದ. ಶನಿವಾರ ಸಂಜೆ ಐದರೊಳಗೆ ಹಾಲು, ಮೊಸರು, ಬ್ರೆಡ್ಡು, ಎರಡು ಟೊಮೆಟೊ ಕೊಂಡು ಹಾಸ್ಟೆಲಿನ ಫ್ರಿಜ್ಜಿನಲ್ಲಿಟ್ಟು, ಚೀಲದ ಮೇಲೆ ನಿಮ್ಮ ಹೆಸರು, ಹೊರಡುವ ದಿನಾಂಕ ಬರೆಯಿರಿ. ಹೆಸರಿಲ್ಲದ ಚೀಲವನ್ನು ಶುಚಿಗೊಳಿಸುವವರು ಬೆಳಿಗ್ಗೆ ಎಸೆದುಬಿಡುತ್ತಾರೆ.