ಒಂದು ಬೀಟ್‌ಗೆ ಎಷ್ಟು ಫ್ರೇಮ್? ಓಕೆ ಗೋ ಅಭಿಮಾನಿ ವಿಡಿಯೊ ಮಾಡುವ ನನ್ನ ಕ್ರಮ

ಓಕೆ ಗೋ ಬ್ಯಾಂಡಿನ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು 2006ರ ‘ಹಿಯರ್ ಇಟ್ ಗೋಸ್ ಅಗೇನ್’: 8 ಟ್ರೆಡ್‌ಮಿಲ್, ನಾಲ್ಕು ಜನ, ಒಂದೇ ಶಾಟ್. ಅದನ್ನು ನೋಡಿ ಟ್ರೆಡ್‌ಮಿಲ್ ಹತ್ತಿದ ಅಭಿಮಾನಿಗಳು ಲೆಕ್ಕವಿಲ್ಲದಷ್ಟು. ಆದರೆ ಮನೆಯಲ್ಲಿ, ಒಂದು ಫೋನ್ ಇಟ್ಟುಕೊಂಡು ಮಾಡುವವರಿಗೆ ಈ ಬ್ಯಾಂಡ್ ಕಲಿಸುವ ದೊಡ್ಡ ವಿದ್ಯೆ ಬೇರೆ ಇದೆ. ಅದು ಕಾಲವನ್ನು ಹಿಗ್ಗಿಸುವುದು, ಕುಗ್ಗಿಸುವುದು. 2010ರ ‘ಎಂಡ್ ಲವ್’ನಲ್ಲಿ ಅರ್ಧ ಸೆಕೆಂಡ್ 16 ಸೆಕೆಂಡಾಗಿ ಹಿಗ್ಗುತ್ತದೆ, ಇನ್ನೊಂದೆಡೆ ಇಡೀ 24 ಗಂಟೆ ಅರ್ಧ ಸೆಕೆಂಡಿಗೆ ಕುಗ್ಗುತ್ತದೆ. 2014ರಲ್ಲಿ ಜಪಾನಿನಲ್ಲಿ ಡ್ರೋನ್‌ನಿಂದ ತೆಗೆದ ‘ಐ ವೋಂಟ್ ಲೆಟ್ ಯು ಡೌನ್’ ಹಾಡನ್ನು ಅರ್ಧ ವೇಗದಲ್ಲಿ ಅಭಿನಯಿಸಿ, ಆಮೇಲೆ ಎರಡು ಪಟ್ಟು ಓಡಿಸಿದರು. 2016ರ ‘ದಿ ಒನ್ ಮೊಮೆಂಟ್’ನ ಮುಖ್ಯ ಭಾಗ ನಡೆದು ಮುಗಿದದ್ದು 4.2 ಸೆಕೆಂಡಿನಲ್ಲಿ. ಡ್ರೋನೂ ಬೇಡ, ಹೈಸ್ಪೀಡ್ ಕ್ಯಾಮೆರಾವೂ ಬೇಡ. ಇವುಗಳ ಕೆಳಗಿರುವ ಲೆಕ್ಕ ಗೊತ್ತಿದ್ದರೆ ಮನೆಯ ತಾರಸಿಯಲ್ಲೇ ಈ ಮೂರೂ ಕೆಲಸ ಆಗುತ್ತದೆ.

ಮೊದಲು ಹಾಡಿನ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬುದು, ಖಚಿತವಾಗಿ ಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಅಂಕಿಯನ್ನು ನಾನು ನಂಬುವುದಿಲ್ಲ. ಆಡಾಸಿಟಿ ಎಂಬ ಉಚಿತ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಡು ತೆರೆದು, ಒಂದು ಡ್ರಮ್ ಪೆಟ್ಟಿನ ತುದಿಗೆ ಗುರುತು ಹಾಕಿ, ಅಲ್ಲಿಂದ 64 ಬೀಟ್ ಎಣಿಸಿ ಇನ್ನೊಂದು ಗುರುತು. ನಡುವಿನ ಸೆಕೆಂಡುಗಳಿಂದ 64 ಗುಣಿಸು 60 ಅನ್ನು ಭಾಗಿಸಿದರೆ ಬಿಪಿಎಂ. ದಶಾಂಶದ ಒಂದು ಸ್ಥಾನವೂ ಇಲ್ಲಿ ಮುಖ್ಯ. 120ರ ಹಾಡನ್ನು 119.9 ಎಂದುಕೊಂಡರೆ ಮೂರು ನಿಮಿಷದ ಕೊನೆಗೆ ಚಿತ್ರ 0.15 ಸೆಕೆಂಡ್, ಅಂದರೆ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಇರುವ ವಿಡಿಯೊದಲ್ಲಿ ಮೂರೂವರೆ ಫ್ರೇಮ್ ಹಿಂದೆ ಮುಂದೆ ಆಗುತ್ತದೆ. ಕಣ್ಣು ಅದನ್ನು ಹಿಡಿಯುತ್ತದೆ. ಮೆಟ್ರೊನೋಮ್ ಇಲ್ಲದೆ ನುಡಿಸಿದ ಹಾಡಾದರೆ ಬಿಪಿಎಂ ನಡುನಡುವೆ ಅಲುಗುತ್ತದೆ. ಆಗ ಪಲ್ಲವಿ, ಚರಣಗಳನ್ನು ಬೇರೆಬೇರೆಯಾಗಿ ಅಳೆಯಬೇಕು.

ಮುಂದೆ ಬೀಟ್‌ಗೆ ಎಷ್ಟು ಫ್ರೇಮ್ ಎಂಬ ಲೆಕ್ಕ: ಸೆಕೆಂಡಿನ ಫ್ರೇಮ್ ಗುಣಿಸು 60, ಭಾಗಿಸು ಬಿಪಿಎಂ. 24 ಫ್ರೇಮ್, 120 ಬಿಪಿಎಂ ಆದರೆ ಸರಿಯಾಗಿ 12. ಇಂಥ ಹಾಡು ಸಿಕ್ಕರೆ ಅದೃಷ್ಟ. 128 ಆದರೆ 11.25, ಆಗ ನಾಲ್ಕು ಬೀಟ್‌ಗೆ 11, 11, 11, 12 ಎಂದು ಹಂಚಿದರೆ 45ಕ್ಕೆ ಕೂಡಿಕೊಳ್ಳುತ್ತದೆ. 140 ಆದರೆ 10.2857. ಪ್ರತಿ ಬೀಟನ್ನೂ 10ಕ್ಕೆ ಇಳಿಸಿಬಿಟ್ಟರೆ 64 ಬೀಟ್‌ಗೆ 18 ಫ್ರೇಮ್, ಮುಕ್ಕಾಲು ಸೆಕೆಂಡ್ ತಪ್ಪುತ್ತದೆ. ಹಾಗಾಗಿ ಎಕ್ಸೆಲ್ ಹಾಳೆಯಲ್ಲಿ ಒಂದು ಕಾಲಂಗೆ ಬೀಟ್ ಸಂಖ್ಯೆ, ಪಕ್ಕದ ಕಾಲಂಗೆ ಮೊದಲಿನಿಂದ ಅಲ್ಲಿಯವರೆಗಿನ ಒಟ್ಟು ಫ್ರೇಮ್. ಪೂರ್ಣಾಂಕ ಮಾಡುವುದು ಈ ಒಟ್ಟು ಮೊತ್ತವನ್ನೇ, ಬಿಡಿ ಬೀಟನ್ನಲ್ಲ. ಮೂರನೇ ಕಾಲಂನಲ್ಲಿ ಆ ಬೀಟ್‌ಗೆ ಏನಾಗಬೇಕು ಎಂದು ಬರೆಯುತ್ತೇನೆ. ಶೂಟಿಂಗ್ ದಿನ ಕೈಯಲ್ಲಿರುವ ಸ್ಕ್ರಿಪ್ಟ್ ಎಂದರೆ ಈ ಹಾಳೆಯೇ.

ನಿಧಾನಕ್ಕೆ ಹಾಡಿ, ವೇಗವಾಗಿ ಓಡಿಸುವುದು

ತುಟಿ ಹಾಡಿಗೆ ಸರಿಯಾಗಿ ಆಡುತ್ತಿರುತ್ತದೆ, ಆದರೆ ಸುತ್ತಲಿನ ಜನ, ಬಟ್ಟೆ, ಮೋಡ ಎಲ್ಲವೂ ಹುಚ್ಚು ವೇಗದಲ್ಲಿ ಓಡುತ್ತವೆ. ಮೂರು ವಿಧಾನಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಖರ್ಚು ಸೊನ್ನೆ.

ನಾಲ್ಕು ಪಟ್ಟು ವೇಗ ಬೇಕಾದರೆ ಆಡಾಸಿಟಿಯ ‘ಚೇಂಜ್ ಟೆಂಪೊ’ದಲ್ಲಿ ಮೈನಸ್ 75 ಶೇಕಡಾ. ಮೂರು ನಿಮಿಷದ ಹಾಡು 12 ನಿಮಿಷವಾಗುತ್ತದೆ. ಶೇಕಡಾ ಲೆಕ್ಕದಲ್ಲಿ ಎಡವುವವರು ಬಹಳ: ಅರ್ಧ ವೇಗಕ್ಕೆ ಮೈನಸ್ 50, ಆದರೆ ಇಮ್ಮಡಿ ವೇಗಕ್ಕೆ ಪ್ಲಸ್ 100. ಮೈನಸ್ 20 ಮಾಡಿದ ಹಾಡಿಗೆ ಅಭಿನಯಿಸಿದರೆ ವಿಡಿಯೊವನ್ನು 1.25 ಪಟ್ಟು ಓಡಿಸಬೇಕು, 1.2 ಅಲ್ಲ.

ಎರಡು ಪಟ್ಟಿಗಿಂತ ಹೆಚ್ಚು ಎಳೆದಾಗ ಡ್ರಮ್‌ನ ಪೆಟ್ಟು ಕಲಸಿಹೋಗುತ್ತದೆ, ಬೀಟ್ ಎಲ್ಲಿದೆ ಎಂದೇ ಕೇಳಿಸುವುದಿಲ್ಲ. ಇದಕ್ಕೆ ಮದ್ದು ಕ್ಲಿಕ್ ಟ್ರ್ಯಾಕ್, ಅಂದರೆ ಹಾಡಿನ ಜೊತೆ ಬೀಟ್ ಎಣಿಸುವ ಟಿಕ್ ಟಿಕ್ ಸದ್ದು. 120 ಬಿಪಿಎಂ ಹಾಡು ನಾಲ್ಕು ಪಟ್ಟು ನಿಧಾನವಾದಾಗ 30 ಬಿಪಿಎಂ ಆಗುತ್ತದೆ. ಎರಡು ಸೆಕೆಂಡಿಗೊಂದು ಕ್ಲಿಕ್ ಇಟ್ಟರೆ ಯಾರೂ ತಾಳ ಹಿಡಿಯಲಾರರು. ಆದ್ದರಿಂದ ಆಡಾಸಿಟಿಯ ‘ರಿದಮ್ ಟ್ರ್ಯಾಕ್’ನಲ್ಲಿ 120 ಬಿಪಿಎಂ, ಆವರ್ತಕ್ಕೆ 4 ಎಂದು ಕೊಡುತ್ತೇನೆ. ಜೋರಾಗಿ ಕೇಳುವ ಮೊದಲ ಕ್ಲಿಕ್ ನಿಜವಾದ ಬೀಟ್, ಉಳಿದ ಮೂರು ನಡುವಿನ ಎಣಿಕೆ. ಒಂದೇ ವರ್ಣವನ್ನು ಮೂರು ಕಾಲದಲ್ಲಿ ಹಾಡಿ ಪಳಗಿದ ಕರ್ನಾಟಕ ಸಂಗೀತದ ವಿದ್ಯಾರ್ಥಿಗಳಿಗೆ ಇದು ತಕ್ಷಣ ಕೈವಶವಾಗುತ್ತದೆ. ಉಳಿದವರಿಗೆ ಸಾಹಿತ್ಯವನ್ನು ಕ್ಲಿಕ್‌ಗಳ ಕೆಳಗೆ ಬಿಡಿಸಿ ಬರೆದುಕೊಡಬೇಕು. ಹಿಗ್ಗಿಸಬೇಕಾದ್ದು ಅ, ಆ, ಇ ಥರದ ಸ್ವರಾಕ್ಷರಗಳನ್ನು ಮಾತ್ರ. ಪ, ಬ, ಮ ಬಂದಾಗ ತುಟಿ ಕ್ಲಿಕ್ ಮೇಲೇ ಪೂರ್ತಿ ಮುಚ್ಚಿ ತೆರೆಯಬೇಕು, ಆದರೆ ಸ್ವಲ್ಪ ಹೆಚ್ಚು ಹೊತ್ತು ಮುಚ್ಚಿರಬೇಕು. ನಾಲ್ಕು ಪಟ್ಟು ಓಡಿಸಿದಾಗ ನಾಲ್ಕರಲ್ಲಿ ಒಂದು ಫ್ರೇಮ್ ಮಾತ್ರ ಉಳಿಯುತ್ತದೆ. ತುಟಿ ಮೂರೇ ಫ್ರೇಮ್ ಮುಚ್ಚಿದ್ದರೆ ಅದು ಪೂರ್ತಿ ಕಳೆದೇಹೋಗಬಹುದು. ಕಣ್ಣು ಮಿಟುಕಿಸುವುದೂ ಹಾಗೆಯೇ, ಬೇಕೆಂದೇ ನಿಧಾನಕ್ಕೆ ಮಿಟುಕಿಸಬೇಕು.

ಎಡಿಟಿಂಗ್‌ನಲ್ಲಿ ವೇಗ ಹೆಚ್ಚಿಸುವಾಗ ಫ್ರೇಮ್ ಬ್ಲೆಂಡಿಂಗ್ ಆಫ್ ಮಾಡಿ. ಇಲ್ಲವಾದರೆ ಪಕ್ಕಪಕ್ಕದ ಫ್ರೇಮ್‌ಗಳು ಬೆರೆತು ಬಾಯಿ ಎರಡೆರಡಾಗಿ ಕಾಣುತ್ತದೆ.

ಇದನ್ನೇ ತಿರುಗಿಸಬಹುದು. ಹಾಡನ್ನು ಪ್ಲಸ್ 25 ಮಾಡಿ, 30 ಫ್ರೇಮ್‌ನಲ್ಲಿ ತೆಗೆದು, 24ಕ್ಕೆ ಇಳಿಸಿದರೆ ಕೂದಲು, ಸೆರಗು ಎಲ್ಲಕ್ಕೂ ತೇಲುವ ಗುಣ ಬರುತ್ತದೆ. ಏನು ಮಾಡಿದ್ದಾರೆಂದು ನೋಡುವವರಿಗೆ ಹೊಳೆಯುವುದೂ ಇಲ್ಲ. 60ರಲ್ಲಿ ತೆಗೆದು 30ಕ್ಕೆ ಇಳಿಸುವುದಾದರೆ ಇಮ್ಮಡಿ ವೇಗದಲ್ಲಿ ಹಾಡಬೇಕು, ಅದು ಹೆಚ್ಚಿನ ಹಾಡುಗಳಿಗೆ ಕೊನೆಯ ಮಿತಿ.

ಮನುಷ್ಯರನ್ನೇ ಬೊಂಬೆ ಮಾಡುವುದು

ಸ್ಟಾಪ್ ಮೋಷನ್‌ನಲ್ಲಿ ಬೊಂಬೆಯ ಬದಲು ಜನರನ್ನೇ ಒಂದೊಂದು ಫೋಟೊಗೆ ಸ್ವಲ್ಪ ಸ್ವಲ್ಪ ಸರಿಸುವುದು. ಸೆಕೆಂಡಿಗೆ 12 ಫೋಟೊ ಸಾಕು, ಪ್ರತಿ ಫೋಟೊ ಎರಡು ಫ್ರೇಮ್ ನಿಲ್ಲುತ್ತದೆ. 120 ಬಿಪಿಎಂಗೆ ಬೀಟ್‌ಗೆ 6 ಫೋಟೊ, ನಾಲ್ಕು ಬೀಟ್‌ನ ಆವರ್ತಕ್ಕೆ 24. ಮೂರು ನಿಮಿಷಕ್ಕೆ 2,160. ಫೋನಿನ ಇಂಟರ್ವಲ್ ಆ್ಯಪ್‌ನಲ್ಲಿ 4 ಸೆಕೆಂಡಿಗೊಂದು ಎಂದು ಇಟ್ಟರೆ ಬರೀ ಕ್ಯಾಮೆರಾ ಲೆಕ್ಕಕ್ಕೇ 2 ಗಂಟೆ 24 ನಿಮಿಷ. ವಿರಾಮ ಸೇರಿಸಿದರೆ ಒಂದು ಪೂರ್ತಿ ದಿನ ಬೇಕು.

ನಡಿಗೆಯಂತೆ ಕಾಣಲು ಫೋಟೊಗೆ 10 ಸೆಂಟಿಮೀಟರ್, ಚಕ್ಕಳಮಕ್ಕಳ ಹಾಕಿ ಕುಳಿತವರು ಜಾರುವಂತೆ ಕಾಣಲು 5. ಹೊರಡುವಾಗಲೂ ನಿಲ್ಲುವಾಗಲೂ 1, 2, 4, 5 ಎಂದು ಏರಿಳಿಸದಿದ್ದರೆ ಯಾರೋ ದಬ್ಬಿದಂತೆ ಕಾಣುತ್ತದೆ. ಅಳತೆಗೆ ನೆಲದಲ್ಲಿ ಗುರುತು ಹಾಕಿದರೆ ಚಿತ್ರದಲ್ಲಿ ಬರುತ್ತದೆ. 5 ಸೆಂಟಿಮೀಟರಿಗೊಂದು ಗಂಟು ಹಾಕಿದ ದಾರವನ್ನು ಫ್ರೇಮಿನ ಕೆಳ ಅಂಚಿನ ಹೊರಗೆ ಕಟ್ಟಿಕೊಳ್ಳುವುದು ಲೇಸು. ಹಾರಾಟಕ್ಕಾದರೆ ಪ್ರತಿ ಫೋಟೊಗೂ ನೆಗೆಯಬೇಕು, ತುತ್ತತುದಿಯಲ್ಲಿ ಕ್ಲಿಕ್ ಆಗಬೇಕು, ಶಟರ್ 1/500 ಸೆಕೆಂಡ್ ಅಥವಾ ಅದಕ್ಕಿಂತ ವೇಗ. ಒಂದು ಆವರ್ತಕ್ಕೆ 24 ನೆಗೆತ. ಎರಡು ಆವರ್ತ ಆದಮೇಲೆ ನೆಗೆತದ ಎತ್ತರ ಕುಸಿಯುತ್ತದೆ, ಅಲ್ಲಿಗೆ ಬೇರೆಯವರನ್ನು ತನ್ನಿ.

ಹೊರಗಿನ ಬೆಳಕು ಇಲ್ಲಿ ದೊಡ್ಡ ಶತ್ರು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಗಂಟೆಗಟ್ಟಲೆ ತೆಗೆದ ಫೋಟೊಗಳನ್ನು ಸೇರಿಸಿದಾಗ ನೆರಳು ನೆಲದ ಮೇಲೆ ಓಡುತ್ತದೆ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡ ಕವಿದ, ಮಳೆ ಬಿಡುವು ಕೊಟ್ಟ ದಿನಗಳು ಈ ಕೆಲಸಕ್ಕೆ ಹೇಳಿಮಾಡಿಸಿದವು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಒಂದು ಬಿಟ್ಟರೂ ಚಿತ್ರ ಫೋಟೊದಿಂದ ಫೋಟೊಗೆ ಮಿನುಗುತ್ತದೆ, ಆ ಮಿನುಗನ್ನು ಆಮೇಲೆ ಪೂರ್ತಿ ತೆಗೆಯುವುದು ಕಷ್ಟ. ಟ್ರೈಪಾಡ್ ಕಾಲಿಗೆ ಟೇಪ್, ನಡುವೆ ಇಟ್ಟಿಗೆ ತುಂಬಿದ ಚೀಲ. ಫೋನಿನ ಪರದೆ ಮುಟ್ಟಬೇಡಿ. ಇಂಟರ್ವಲ್ ಆ್ಯಪ್ ಬೇಡವೆಂದರೆ ಬ್ಲೂಟೂತ್ ರಿಮೋಟ್ ಸಾಕು, ಎಷ್ಟೋ ಫೋನ್‌ಗಳಲ್ಲಿ ವೈರ್ ಇಯರ್‌ಫೋನಿನ ವಾಲ್ಯೂಮ್ ಬಟನ್ನೇ ಶಟರ್ ಒತ್ತುತ್ತದೆ.

ಕ್ಷಣವನ್ನು ಹಿಗ್ಗಿಸುವುದು

‘ದಿ ಒನ್ ಮೊಮೆಂಟ್’ನಲ್ಲಿ 325 ಘಟನೆಗಳು ಆ ನಾಲ್ಕೂ ಚಿಲ್ಲರೆ ಸೆಕೆಂಡಿನಲ್ಲಿ ಸಾಲಾಗಿ ಆಗುತ್ತವೆ, ಅವನ್ನು ಯಂತ್ರಗಳು ನಿಗದಿತ ಸಮಯಕ್ಕೆ ಸಿಡಿಸಿದವು. ನಮ್ಮ ಬಳಿ ಆ ಯಂತ್ರ ಇಲ್ಲ. ಆದರೆ ಗುರುತ್ವ ಇದೆ, ಅದರಷ್ಟು ನಿಖರ ಗಡಿಯಾರ ಬೇರೆ ಬೇಕಿಲ್ಲ.

240 ಫ್ರೇಮ್‌ನಲ್ಲಿ ತೆಗೆದು 24ಕ್ಕೆ ಇಳಿಸಿದರೆ ಹತ್ತು ಪಟ್ಟು ನಿಧಾನ. 120 ಬಿಪಿಎಂನ ಒಂದು ಬೀಟ್ ಅರ್ಧ ಸೆಕೆಂಡ್, ಅಂದರೆ ನಿಜದಲ್ಲಿ 0.05 ಸೆಕೆಂಡ್. ಸತತ 8 ಬೀಟ್‌ಗೆ 8 ಬಣ್ಣ ಸಿಡಿಯಬೇಕಾದರೆ ಅವು 0.05 ಸೆಕೆಂಡ್ ಅಂತರದಲ್ಲಿ ಆಗಬೇಕು. ಕೈಯಿಂದ ಅದು ಅಸಾಧ್ಯ. ಆದರೆ 8 ಭಾರಗಳನ್ನು ಬೇರೆಬೇರೆ ಎತ್ತರದಿಂದ ಒಟ್ಟಿಗೆ ಬಿಟ್ಟರೆ ತಾವಾಗಿ ಸಾಲು ಹಿಡಿಯುತ್ತವೆ. ಬೀಳುವ ಸಮಯದ ವರ್ಗವನ್ನು 4.9ರಿಂದ ಗುಣಿಸಿದರೆ ಮೀಟರ್‌ನಲ್ಲಿ ಎತ್ತರ. 0.30 ಸೆಕೆಂಡಿನಿಂದ ಶುರುಮಾಡಿದರೆ ಎತ್ತರಗಳು ಸೆಂಟಿಮೀಟರ್‌ನಲ್ಲಿ 44, 60, 78, 99, 123, 148, 176, 207. 1 ಸೆಂಟಿಮೀಟರ್ ತಪ್ಪಿದರೂ ಮೇಲಿನವುಗಳಲ್ಲಿ ಆಗುವ ವ್ಯತ್ಯಾಸ ಸುಮಾರು ಎರಡು ಮಿಲಿಸೆಕೆಂಡ್, ಅರ್ಧ ಫ್ರೇಮ್. ಕೆಳಗಿನ ಎರಡನ್ನು ಮಾತ್ರ ಎಚ್ಚರಿಕೆಯಿಂದ ಅಳೆಯಬೇಕು, ಅವು ನಿಧಾನ ಬೀಳುವುದರಿಂದ ತಪ್ಪು ದೊಡ್ಡದಾಗಿ ಕಾಣುತ್ತದೆ.

ಭಾರಕ್ಕೆ ಮರಳು ತುಂಬಿದ 150 ಗ್ರಾಂ ಬಟ್ಟೆಗಂಟು. ಕೆಳಗೆ ತಟ್ಟೆಯಲ್ಲಿ ಬಣ್ಣದ ರಂಗೋಲಿ ಪುಡಿ, ಎರಡು ಬೆರಳು ದಪ್ಪ. ಎರಡೂವರೆ ಮೀಟರ್ ಎತ್ತರದಲ್ಲಿ ನುಣುಪಾದ ಸ್ಟೀಲ್ ಪೈಪ್, ಅದರ ಮೇಲಿಂದ ಹೊಲಿಗೆ ದಾರಗಳು ಹಾದು ಹಿಂದೆ ಇಳಿಯಬೇಕು. ಎಲ್ಲ ತುದಿಗಳನ್ನೂ ಎರಡು ಮರದ ಪಟ್ಟಿಗಳ ನಡುವೆ ಒತ್ತಿ ಹಿಡಿದು ಒಮ್ಮೆಲೇ ಬಿಡುವುದು. ಪಟ್ಟಿಯಾಚೆ ದಾರದ ಬಾಲ ಉದ್ದವಿದ್ದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ. ಹಗುರ ವಸ್ತು ಬಳಸಿದರೆ ಪೈಪಿನ ಘರ್ಷಣೆಗೇ ತಡವಾಗುತ್ತದೆ. ಎತ್ತರ ಅಳೆಯುವುದು ಗಂಟಿನ ತಳದಿಂದ ಪುಡಿಯ ಮೇಲ್ಮೈಗೆ, ತಟ್ಟೆಯ ಅಂಚಿಗಲ್ಲ. ಪುಡಿ ಕಣ್ಣಿಗೆ ಹಾರುತ್ತದೆ, ಹತ್ತಿರ ಇರುವವರಿಗೆಲ್ಲ ಕನ್ನಡಕ ಬೇಕು.

ಇದನ್ನು ಬಿಸಿಲಿನಲ್ಲೇ ತೆಗೆಯಬೇಕು. ನಮ್ಮ ಮನೆಗಳ ಕರೆಂಟ್ 50 ಹರ್ಟ್ಜ್, ಬಲ್ಬುಗಳು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ಕಾಣದ ಈ ಏರಿಳಿತ 240 ಫ್ರೇಮ್‌ನಲ್ಲಿ ಅಲೆಅಲೆಯಾಗಿ ಬರುತ್ತದೆ. ಮಾಮೂಲಿ ವೇಗದಲ್ಲಿ ಒಳಾಂಗಣದಲ್ಲಿ ತೆಗೆಯುವಾಗಲೂ ಶಟರ್ 1/50 ಅಥವಾ 1/100ಕ್ಕೆ ಲಾಕ್ ಮಾಡಿ, 1/60 ಇಟ್ಟರೆ ಪಟ್ಟೆ ಓಡುತ್ತದೆ.

ಫೋನ್ ವಿಡಿಯೊ ಇನ್ನೊಂದು ತೊಡಕು ತರುತ್ತದೆ. ಎಷ್ಟೋ ಫೋನ್‌ಗಳು ಹೇಳುವುದು 30 ಫ್ರೇಮ್, ಬರೆಯುವುದು 29ರಿಂದ 30ರ ನಡುವೆ ಅಲುಗುವ ಸಂಖ್ಯೆ. ವೇಗ ಬದಲಿಸುವ ಮುಂಚೆಯೇ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆಯ್ಕೆ ಮಾಡಿ ಪರಿವರ್ತಿಸಿಕೊಳ್ಳುತ್ತೇನೆ. ಆಮೇಲೆ ಮಾಡಿದರೆ ತಪ್ಪು ನಾಲ್ಕು ಪಟ್ಟು ಹರಡಿರುತ್ತದೆ. ಶೂಟಿಂಗ್ ಹೊತ್ತಿಗೆ ಏರೋಪ್ಲೇನ್ ಮೋಡ್ ಕಡ್ಡಾಯ. 12 ನಿಮಿಷದ ಒಂದೇ ಶಾಟ್‌ನ 11ನೇ ನಿಮಿಷಕ್ಕೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.

ಹಾಕುವ ಹಾಡಿನ ಹಕ್ಕು ಬ್ಯಾಂಡಿನದು ಮತ್ತು ಪ್ರಕಾಶಕರದು. ಯೂಟ್ಯೂಬ್‌ನ ಕಂಟೆಂಟ್ ಐಡಿ ಅದನ್ನು ಗುರುತಿಸುತ್ತದೆ. ವಿಡಿಯೊ ಉಳಿದರೂ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು, ಕೆಲವು ದೇಶಗಳಲ್ಲಿ ತಡೆಯೂ ಬೀಳಬಹುದು. ಅಭಿಮಾನದ ಕೆಲಸಕ್ಕೆ ಇದು ಅನ್ಯಾಯವಲ್ಲ. ಈ ಬ್ಯಾಂಡ್ ಅಭಿಮಾನಿಗಳನ್ನು ದೂರ ಇಟ್ಟದ್ದೂ ಇಲ್ಲ: 2005ರ ಹಿತ್ತಲಿನ ನೃತ್ಯದ ವಿಡಿಯೊ ಬಂದಾಗ ಅದನ್ನೇ ಆಡಿ ಕಳಿಸಿ ಎಂದು ಸ್ಪರ್ಧೆ ಇಟ್ಟರು, 2018ರಲ್ಲಿ ಸೇಂಟ್ ಥಾಮಸ್ ವಿಶ್ವವಿದ್ಯಾಲಯದ ಜೊತೆ ಸೇರಿ ತಮ್ಮ ವಿಡಿಯೊಗಳ ಹಿಂದಿನ ಗಣಿತ, ವಿಜ್ಞಾನವನ್ನು ಶಿಕ್ಷಕರಿಗೆ ಉಚಿತವಾಗಿ ತೆರೆದಿಟ್ಟರು. ವಿವರಣೆಯಲ್ಲಿ ಬ್ಯಾಂಡ್, ಹಾಡು, ನೀವು ಅನುಸರಿಸಿದ ಮೂಲ ವಿಡಿಯೊ ಮೂರರ ಹೆಸರೂ ಇರಲಿ.

ತಾಳ ಸರಿಯಿದೆಯೇ ಎಂದು ಕೊನೆಗೆ ನೋಡುವಾಗ ವೈರ್ ಇಯರ್‌ಫೋನ್ ಹಾಕಿ. ಬ್ಲೂಟೂತ್ ಸ್ಪೀಕರಿನಲ್ಲಿ ಸದ್ದು 0.1ರಿಂದ 0.2 ಸೆಕೆಂಡ್ ತಡವಾಗಿ ಬರುವುದು ಸಾಮಾನ್ಯ. ಅದನ್ನು ನಂಬಿ ಎಡಿಟ್ ಮಾಡಿದರೆ ಸರಿಯಿದ್ದ ವಿಡಿಯೊವನ್ನೇ ಮೂರ್ನಾಲ್ಕು ಫ್ರೇಮ್ ಕೆಡಿಸಿದಂತಾಗುತ್ತದೆ.